ಖಾಲಿ ಬಿಟ್ಟ ಸಾಲು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಒಂದು ಸಾಲನ್ನು ಖಾಲಿ ಬಿಡುವುದು ಬರುತ್ತಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ನನ್ನದೇನೂ ಅಭ್ಯಂತರವಿಲ್ಲ. ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನಲ್ಲಿ, ಅಂಟು ಹಚ್ಚಲು ಬೆರಳಗಲ ಜಾಗ ಮಾತ್ರ ಉಳಿಸಿ, ‘ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸುವುದು’ ಎಂದು ಅಡ್ಡಡ್ಡ ಬರೆದು ಮುಗಿಸುತ್ತಿದ್ದ ಕಾಲದವನು ನಾನು. ಹಾಳೆಯಲ್ಲಿ ಬಿಳಿ ಉಳಿದರೆ ಎಲೆಯಲ್ಲಿ ಅನ್ನ ಬಿಟ್ಟು ಎದ್ದಷ್ಟೇ ಕಸಿವಿಸಿ. ಮಕ್ಕಳ ನೋಟುಬುಕ್ಕಿನಲ್ಲೂ ಅಷ್ಟೇ. ಯಾರಾದರೂ ಎರಡು ಪ್ಯಾರಾಗಳ ನಡುವೆ ಜಾಗ ಬಿಟ್ಟರೆ ‘ಇದೇನು, ನಿಮ್ಮಪ್ಪನ ಕಾಗದದ ಕಾರ್ಖಾನೆಯೋ?’ ಎಂದು ಕೆಂಪು ಶಾಯಿಯಲ್ಲಿ ಗೀಚಿದ್ದೂ ಉಂಟು. ಆ ಪಾಪ ನನ್ನನ್ನು ನಿವೃತ್ತಿಯ ನಂತರ ಹಿಡಿಯಿತು.

ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ ನಮ್ಮ ಮನೆ. ಒಂದು ಮಳೆಗಾಲದ ಕೊನೆಗೆ ಊರ ಮೀನುಗಾರರ ಸಂಘದವರು ಜಗಲಿಗೆ ಬಂದು ಕೂತರು. ಅದರ ಹಿಂದಿನ ವರ್ಷ ಎಂಜಿನ್ ಕೆಟ್ಟ ಒಂದು ದೋಣಿ ಎರಡು ದಿನ ಪತ್ತೆಯೇ ಇರದೆ, ದಂಡೆಯ ಮನೆಗಳಲ್ಲಿ ಒಲೆ ಹತ್ತಿರಲಿಲ್ಲ. ‘ಮಾಸ್ತರ್ರೆ, ಕಡಲಿಗೆ ಹೋಗೋರು ಏನೇನು ನೋಡ್ಕಬೇಕು, ಮನೇಲಿದ್ದೋರು ಏನು ಮಾಡ್ಬೇಕು ಅಂತ ಒಂದು ಪುಟ ಬರ್ದು ಕೊಡಿ. ಶೆಡ್ಡಿನ ಗೋಡೆಗೂ ಹಚ್ತೇವೆ, ಸಂಘದ ವೆಬ್‌ಸೈಟಿಗೂ ಹಾಕ್ತೇವೆ’ ಎಂದರು. ದೋಣಿ ನೀರಿಗಿಳಿಸಲು ಇನ್ನು ಹದಿನೈದೇ ದಿನ ಉಳಿದಿತ್ತು.

ನಾನು ಬರೆದೆ. ಒಂದು ಪುಟ ಕೇಳಿದ್ದರು, ನಾಲ್ಕು ಬರೆದೆ. ‘ಈ ಮೂಲಕ ಸಮಸ್ತ ಸದಸ್ಯ ಬಾಂಧವರಲ್ಲಿ ಸವಿನಯ ವಿಜ್ಞಾಪಿಸಿಕೊಳ್ಳುವುದೇನೆಂದರೆ’ ಎಂದು ಹೊರಟ ವಾಕ್ಯ ಎರಡನೆಯ ಪುಟಕ್ಕೆ ಹೋಗಿ ಕ್ರಿಯಾಪದವನ್ನು ಕಂಡಿತು. ಲೈಫ್ ಜಾಕೆಟ್ಟಿನ ವಿಷಯ ಮೂರನೆಯ ಪುಟದ ಹೊಟ್ಟೆಯೊಳಗೆ ಎಲ್ಲೋ ಇತ್ತು. ಅದನ್ನು ಅಂಕೋಲೆ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮೂರು ಬಣ್ಣ ಕೊಟ್ಟು, ಸುತ್ತಲೂ ಹೂಬಳ್ಳಿಯ ಅಂಚು ಕಟ್ಟಿಸಿ, ಸಿ.ಡಿ.ಯಲ್ಲಿ ಹಾಕಿಸಿಕೊಂಡು ಕಾರವಾರದ ಬಸ್ಸು ಹತ್ತಿದೆ.

ಕಾರವಾರದಲ್ಲಿ ವೀಣಾ ಇದ್ದಳು. ದೇವಬಾಗದ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಈಗ ಪೇಟೆಯಲ್ಲಿ ಒಂದು ಮಹಡಿಯ ಮೇಲೆ ಕಂಪ್ಯೂಟರ್ ತರಗತಿ ನಡೆಸುತ್ತಾಳೆ. ಸಂಘದ ವೆಬ್‌ಸೈಟ್ ಕಟ್ಟಿಕೊಟ್ಟವಳೂ ಅವಳೇ. ಅವಳ ಯಂತ್ರದಲ್ಲಿ ನನ್ನ ಕಡತ ತೆರೆದರೆ, ಅಂಗಡಿಯವನು ಬಳಸಿದ ಫಾಂಟ್ ಅಲ್ಲಿರಲಿಲ್ಲವಾಗಿ, ಪರದೆಯ ತುಂಬ ಕೊಂಬು, ಚುಕ್ಕಿ, ಯಾವುದೋ ದೇಶದ ಲಿಪಿ. ‘ಮಾಸ್ತರ್ರೆ, ಕ್ಲಾಸಿನಲ್ಲೂ ನೀವು ಇಷ್ಟು ಕಠಿಣ ಶಬ್ದ ಬಳಸಿರ್ಲಿಲ್ಲ’ ಎಂದು ಅವಳು ನಕ್ಕಳು. ನನ್ನ ಹೂಬಳ್ಳಿ ಮಾತ್ರ ಸುರಕ್ಷಿತವಾಗಿ ಬಂದಿತ್ತು.

ಆಮೇಲೆ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಮಾರ್ಕ್‌ಡೌನ್ ಎಂಬುದನ್ನು ಕಲಿಸಿದಳು. ಬಣ್ಣವಿಲ್ಲ, ಅಂಚಿಲ್ಲ, ಬರೀ ಅಕ್ಷರ. ಸಾಲಿನ ತಲೆಗೆ # ಗುರುತು ಹಾಕಿ ಒಂದು ಜಾಗ ಬಿಟ್ಟರೆ ಆ ಸಾಲು ತಲೆಬರಹ. ಎರಡು ಹಾಕಿದರೆ ಉಪತಲೆಬರಹ. ಸಾಲಿನ ಮೊದಲಿಗೆ ಗೀಟು ಅಥವಾ ಅಂಕಿ ಹಾಕಿ ಬರೆದರೆ ಪಟ್ಟಿ. ಆಚೆ ಎರಡು ಈಚೆ ಎರಡು ನಕ್ಷತ್ರದ ನಡುವೆ ಶಬ್ದ ಕೂರಿಸಿದರೆ ದಪ್ಪ ಅಕ್ಷರ. ಪುಟ ತಯಾರಾದಾಗ ಈ ಗುರುತುಗಳೆಲ್ಲ ಮಾಯ, ಅವು ಮಾಡಿದ ಕೆಲಸ ಮಾತ್ರ ಉಳಿದಿರುತ್ತದೆ. ಮದುವೆಮನೆಯಲ್ಲಿ ಬಡಿಸಿ, ಪಾತ್ರೆ ತೊಳೆದಿಟ್ಟು, ಫೋಟೋಕ್ಕೆ ನಿಲ್ಲದೆ ಮನೆಗೆ ಹೋಗುವ ನೆಂಟರಿರುತ್ತಾರಲ್ಲ, ಅಂಥವು. ನನಗೆ ಅವುಗಳ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು.

ಆದರೆ ಅವಕ್ಕೆ ನನ್ನ ಮೇಲೆ ಹುಟ್ಟಲಿಲ್ಲ. ಅಭಿಮಾನದಿಂದ ೧, ೨, ೩ ಎಂದು ಕನ್ನಡ ಅಂಕಿ ಹಾಕಿದರೆ ಅದು ಪಟ್ಟಿಯೆಂದು ಒಪ್ಪಲೇ ಇಲ್ಲ. ಸಿಟ್ಟಿನಿಂದ ಅದರ ಅಂಕಿಯಲ್ಲೇ 1 ಆದ ಮೇಲೆ 5, ಅದಾದ ಮೇಲೆ 2 ಹಾಕಿದೆ. ಅದು ತನ್ನ ಪಾಡಿಗೆ ಒಂದು, ಎರಡು, ಮೂರು ಎಂದು ತಿದ್ದಿಕೊಂಡಿತು. ಮೂವತ್ತು ವರ್ಷ ಪರರನ್ನು ತಿದ್ದಿದವನನ್ನು ಯಂತ್ರವೊಂದು ಬಾಯಿ ಬಿಡದೆ ತಿದ್ದಿದರೆ ಹೇಗಾಗಬೇಡ! ಎಲ್ಲಕ್ಕಿಂತ ಕಷ್ಟವಾದದ್ದು ಖಾಲಿ ಸಾಲು. ಎರಡು ಪ್ಯಾರಾಗಳ ನಡುವೆ ಒಂದು ಸಾಲು ಬಿಡಲೇಬೇಕು, ಬಿಡದಿದ್ದರೆ ಎರಡೂ ಕೂಡಿಕೊಂಡು ಒಂದೇ ಮುದ್ದೆ. ನನ್ನ ಕೈ ಬಿಡಲೊಲ್ಲದು. ‘ಮಾಸ್ತರ್ರೆ, ಇದು ಕಾಗದ ಅಲ್ಲ, ಖರ್ಚಾಗೂದಿಲ್ಲ. ಬಿಡಿ’ ಎಂದು ವೀಣಾ ಹತ್ತು ಸಲ ಹೇಳಿರಬೇಕು.

ಅವಳ ಗಂಡ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಕೈಗಾ ಅಣುಸ್ಥಾವರದ ಕೆಲಸಕ್ಕೆ ಹೋಗಿ ಬರುವವನು. ಸಂಜೆ ಬಸ್ಸಿಳಿದು ಬಂದವನು ನನ್ನ ಕೈಬರಹದ ನಾಲ್ಕು ಪುಟಗಳನ್ನು ಓದಿ, ಹಿರಿಯರೆಂಬ ಸಂಕೋಚದಿಂದ ಸ್ವಲ್ಪ ಹೊತ್ತು ಚಹಾ ಕುಡಿದು, ‘ಸಾಲಿಗೊಂದು ಕೆಲಸ ಬರೆದ್ರೆ ಬರೋಬ್ಬರ್ ಆಗ್ತದೆ’ ಎಂದಷ್ಟೇ ಹೇಳಿದ. ಬಸ್ಸಿನಲ್ಲಿ ಅಂಕೋಲೆಗೆ ಮರಳುವಾಗ ಅದೇ ಮಾತು ತಲೆಯಲ್ಲಿ ಕೂತಿತ್ತು.

ಹಳಬರನ್ನು ನೆನೆದು ಸಮಾಧಾನ ಮಾಡಿಕೊಂಡೆ. ಓಲೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ. ಅದನ್ನು ಓದಿಯೇ ಜನ ಪಂಡಿತರಾಗಲಿಲ್ಲವೇ? ಆದರೆ ನಮ್ಮ ಶಿಲಾಶಾಸನಗಳೂ ಒಂದು ಬಗೆಯ ಸೂಚನಾಪುಟಗಳೇ ತಾನೆ. ತಲೆಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿ, ಅಂದರೆ # ಹಾಕಿ, ಈ ಹೊಲ ಇಂಥವರದು, ಎಲ್ಲೆ ಇಲ್ಲಿಂದಿಲ್ಲಿಗೆ ಎಂದು ವಿಧಿಸಿ, ಕೊನೆಗೆ ತಪ್ಪಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ ಎಂದು ಶಾಪ. ಓದುವವರು ಓದಿಯೂ ಪಾಲಿಸುವುದಿಲ್ಲ ಎಂಬ ಅನುಮಾನ ರಾಜರಿಗೇ ಇತ್ತೆಂದ ಮೇಲೆ ಮಾಸ್ತರನ ಪಾಡೇನು?

ಖಾಲಿ ಸಾಲಿನ ಮರ್ಮವನ್ನು ಕಡೆಗೆ ಕಲಿಸಿದವಳು ಸಾವಿತ್ರಕ್ಕ. ನಮಗೆ ಮೀನು ಕೊಡುವವಳು. ಅವಳ ಗಂಡ ಗೋಪಾಲ ಸಣ್ಣ ದೋಣಿಯಲ್ಲಿ ಕಡಲಿಗೆ ಹೋಗುತ್ತಾನೆ, ಅವನು ತಂದದ್ದನ್ನು ಅವಳು ಪೇಟೆಯಲ್ಲಿ ಮಾರುತ್ತಾಳೆ. ಮರುದಿನ ಮೀನುಪೇಟೆಯಲ್ಲಿ ಅವಳೆದುರು ನಿಂತಾಗ ಕಂಡೆ: ಬಂಗಡೆಯದೊಂದು ಪಾಲು, ತಾರ್ಲೆಯದೊಂದು ಪಾಲು, ಸಿಗಡಿಯದೊಂದು ಪಾಲು, ಪಾಲಿಗೂ ಪಾಲಿಗೂ ನಡುವೆ ಒಂದು ಗೇಣು ಬರೀ ಹಲಗೆ. ‘ಅಲ್ಲ ಮಾರಾಯ್ತಿ, ಈ ಜಾಗದಲ್ಲಿ ಇನ್ನೊಂದು ಪಾಲು ಹಾಕಬಹುದಲ್ಲ?’ ಎಂದೆ. ‘ಹಾಕಿರೆ ಯಾವ್ದೂ ಕಾಣೂದಿಲ್ರಾ. ಎಲ್ಲಾ ಒಂದೇ ರಾಶಿ ಕಾಣ್ತದೆ, ಗಿರಾಕಿ ಮುಂದೆ ಹೋಗ್ತ್ರು’ ಎಂದಳು. ಮನೆಗೆ ಬಂದು ಮೀನಿನ ಚೀಲವನ್ನೂ ಇಳಿಸದೆ ನಾಲ್ಕು ಪುಟವನ್ನು ಹರಿದು ಹಾಕಿದೆ.

ಹೊಸ ಪುಟ ಒಂದೇ ಪುಟ. ಒಂದು ತಲೆಬರಹ, ಏಳು ಸಾಲು, ಸಾಲಿಗೊಂದು ಕೆಲಸ. ದಪ್ಪ ಅಕ್ಷರವನ್ನು ಒಂದೇ ಕಡೆ, ಮೊದಲ ಸಾಲಿಗೆ ಕೊಟ್ಟೆ, ಯಾಕೆಂದರೆ ಹಿಂದಿನ ವರ್ಷದ ಗೋಳೆಲ್ಲ ಅದರಿಂದಲೇ ಆದದ್ದು, ದೋಣಿ ಯಾವ ಬದಿಗೆ ಹೋಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ:

1. \*\*ದೋಣಿ ಹೊರಡುವಾಗ, ಯಾವ ಬದಿಗೆ ಹೋಗುತ್ತೀರೆಂದು ಮನೆಯವರು ತಪ್ಪದೆ ಕೇಳಿಟ್ಟುಕೊಳ್ಳಿ.\*\*

ಕಳಿಸಿದ್ದನ್ನು ನೋಡಿ ವೀಣಾ ‘ಪುಟ ಅಂದ್ರೆ ಹೀಗಿರ್ಬೇಕು’ ಎಂದಳು. ಶೆಡ್ಡಿನ ಗೋಡೆಯಲ್ಲಿ ಅದು ದೂರದಿಂದಲೇ ಓದಿಸಿಕೊಳ್ಳುತ್ತಿತ್ತು. ನಾನು ದಿನಾ ಸಂಜೆ ವಾಯುವಿಹಾರದ ನೆಪದಲ್ಲಿ ಆ ಕಡೆ ಹೋಗಿ ಒಂದು ಸಲ ನೋಡಿ ಬರುತ್ತಿದ್ದೆ. ಯಾರಾದರೂ ಓದುತ್ತಿದ್ದರೆ ಅವರ ಹಿಂದೆ ನಿಂತು ನಾನೂ ಓದುತ್ತಿದ್ದೆ. ನಾಚಿಕೆಯ ವಿಷಯ, ಆದರೆ ಹೇಳಿಬಿಡುತ್ತೇನೆ.

ತಿಂಗಳಾಗಿರಲಿಲ್ಲ, ಒಂದು ಸಂಜೆ ಗೋಪಾಲನ ದೋಣಿ ಬರಲಿಲ್ಲ. ಉಳಿದವರೆಲ್ಲ ಬಂದು ಬಲೆ ಕೊಡವುತ್ತಿದ್ದರು. ದಂಡೆಯ ಮೇಲೆ ಹೆಂಗಸರು ಸೇರಿದ್ದರು. ಮೊಬೈಲಿಗೆ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲವೆಂಬ ಅದೇ ಧ್ವನಿ. ಹುಡುಕಲು ಎರಡು ದೋಣಿ ತಯಾರಾಗಿ ನಿಂತವು. ಉತ್ತರಕ್ಕೆ ಬೇಲೇಕೇರಿ ಬದಿಗೋ, ದಕ್ಷಿಣಕ್ಕೆ ಗಂಗಾವಳಿ ಬದಿಗೋ? ಸಾವಿತ್ರಕ್ಕನನ್ನು ಕೇಳಿದರೆ ಅವಳು ಸೆರಗನ್ನು ಬಾಯಿಗೊತ್ತಿಕೊಂಡು ‘ಗೊತ್ತಿಲ್ಲ’ ಎಂದಳು. ಆಗ ನಾನು, ಎಂಥ ಮೂರ್ಖ ನೋಡಿ, ‘ಕೇಳಿಟ್ಟುಕೊಳ್ಳಿ ಅಂತ ಬರೆದಿತ್ತಲ್ಲ ಸಾವಿತ್ರಕ್ಕ, ಮೊದಲನೇ ಸಾಲೇ ಅದು, ದಪ್ಪ ಅಕ್ಷರದಲ್ಲಿ’ ಎಂದೆ. ಅವಳು ನನ್ನ ಮುಖ ನೋಡಿದಳು. ಆ ನೋಟವನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ದೋಣಿಗಳು ಅಂದಾಜಿನ ಮೇಲೆ ಬೇಲೇಕೇರಿ ಬದಿಗೆ ಹೋಗಿ ಬರಿಗೈಯಲ್ಲಿ ಬಂದವು. ಗೋಪಾಲ ಹೋದದ್ದು ಗಂಗಾವಳಿ ಬದಿಗೆ. ಎಂಜಿನ್ ಕೆಟ್ಟು ಹುಟ್ಟು ಹಾಕುತ್ತಾ ಹಾಕುತ್ತಾ ಮಂಜಗುಣಿಯ ದಡ ಹಿಡಿದಿದ್ದ. ಮರುದಿನ ಬೆಳಿಗ್ಗೆ ಅಂಗೈ ತುಂಬ ಬೊಬ್ಬೆ ಎದ್ದವನು ಬಸ್ಸಿನಲ್ಲಿ ಬಂದು ಇಳಿದ. ದೇವರು ದೊಡ್ಡವನು. ಆದರೆ ಆ ಒಂದು ರಾತ್ರಿ ಆ ಮನೆಯವರು ಕಳೆದದ್ದು ಹೇಗೆಂದು ನಾನು ಕೇಳಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ.

ಎರಡು ದಿನದ ಮೇಲೆ ಸಾವಿತ್ರಕ್ಕ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೇ ಬಂದಳು. ಬುಟ್ಟಿ ಇಳಿಸಿ, ಬೆವರೊರೆಸಿಕೊಂಡು, ನನ್ನನ್ನಲ್ಲ, ಕಂಬವನ್ನು ನೋಡುತ್ತ ಹೇಳಿದಳು:

‘ಮಾಸ್ತರ್ರೆ, ಸಿಟ್ಟು ಮಾಡ್ಬೇಡಿ. ಗಂಡಸ್ರು ಬಲೆ ಹೊತ್ಕಂಡು ಹೊಸ್ಲು ದಾಟೂವಾಗ ‘ಎಲ್ಲಿಗೆ’ ಅಂದೇಳಿ ಕೇಳೂಕಾಗ್ತದ್ರಾ? ನಿಮ್ಮನೇಲಿ ಅಮ್ಮ ಕೇಳ್ತ್ರಾ?’

ಒಳಗೆ ನನ್ನ ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದ ಸದ್ದು ನಿಂತಿತು.

ಕೇಳುವುದಿಲ್ಲ. ಮದುವೆಯಾದಂದಿನಿಂದ ಇವತ್ತಿನವರೆಗೆ, ಹೊರಟು ನಿಂತ ನನ್ನನ್ನು ಅವಳು ಒಂದು ದಿನವೂ ‘ಎಲ್ಲಿಗೆ’ ಎಂದು ಕೇಳಿಲ್ಲ. ‘ಊಟಕ್ಕೆ ಬರ್ತ್ರಾ?’ ಎನ್ನುತ್ತಾಳೆ, ಉಳಿದದ್ದನ್ನು ಊಹಿಸಿಕೊಳ್ಳುತ್ತಾಳೆ. ಚಿಕ್ಕಂದಿನಲ್ಲಿ ಹೊರಟ ಅಪ್ಪನನ್ನು ಹಾಗೆ ಕೇಳಿ, ಅಪಶಕುನವೆಂದು ಅಮ್ಮನಿಂದ ತಲೆಗೆ ಮೊಟಕಿಸಿಕೊಂಡವನು ನಾನೇ. ಅಪ್ಪ ತಿರುಗಿ ಬಂದು, ಒಂದು ಗುಟುಕು ನೀರು ಕುಡಿದು, ಮತ್ತೆ ಹೊರಡಬೇಕಾಯಿತು. ಸೂಜಿ ಕೊಳ್ಳಲು ಪೇಟೆಗೆ ಹೋಗುವವರನ್ನೇ ಕೇಳದ ಮಾತನ್ನು ಕಡಲಿಗೆ ಹೋಗುವವರನ್ನು ಕೇಳಿ ಎಂದು ನಾನು ಬರೆದಿದ್ದೆ, ಅದೂ ನಾಲ್ಕು ನಕ್ಷತ್ರ ಹಾಕಿ. ಆ ಸಂಜೆ ದಂಡೆಯಲ್ಲಿ, ಮೀನು ಸಿಗುವ ಜಾಗದ ಗುಟ್ಟು ಬಿಟ್ಟುಕೊಡಲು ಇವರಿಗೆ ಮನಸ್ಸಿಲ್ಲವೆಂದು ಒಳಗೊಳಗೇ ತೀರ್ಪನ್ನೂ ಕೊಟ್ಟುಕೊಂಡಿದ್ದೆ.

‘ಮೊದ್ಲೇ ಹೇಳಬಾರದಿತ್ತಾ?’ ಎಂದೆ.

‘ನೀವು ಅಷ್ಟು ಚಂದ ಬರ್ದಿದ್ರಿ. ಮಾಸ್ತರ್ರಿಗೆ ಎದ್ರು ಮಾತಾಡೂದು ಹೆಂಗೆ?’ ಎಂದಳು. ಪುಟ ಸ್ಪಷ್ಟವಾಗಿತ್ತು, ಅದನ್ನು ಬರೆದವನ ಕಣ್ಣೇ ಮಂಜಾಗಿತ್ತು.

ದಾರಿ ತೋರಿಸಿದವಳೂ ಅವಳೇ. ತನ್ನ ಬುಟ್ಟಿಯನ್ನು ಜಗಲಿಯ ಮೇಲೆ ಅಡ್ಡ ಮಲಗಿಸಿದಳು. ‘ಕೇಳೂದು ಬ್ಯಾಡ, ಹೇಳೂದೂ ಬ್ಯಾಡ. ಹೋಗೋರು ಬುಟ್ಟಿ ಬಾಯಿ ಆ ಬದಿಗೆ ಮಾಡಿಟ್ಟು ಹೋದ್ರೆ ಸಾಕು, ನಾವು ಆಮೇಲೆ ನೋಡ್ಕಂತೇವೆ’ ಎಂದಳು. ಬಾಯಿ ಉತ್ತರಕ್ಕಿದ್ದರೆ ಬೇಲೇಕೇರಿ ಬದಿ, ದಕ್ಷಿಣಕ್ಕಿದ್ದರೆ ಗಂಗಾವಳಿ ಬದಿ, ಪಡುವಣಕ್ಕಿದ್ದರೆ ನೇರ ಆಳಕ್ಕೆ. ‘ಕವುಚಿ ಹಾಕಿದ್ರೆ?’ ಎಂದು ಒಳಗಿನಿಂದ ನನ್ನ ಹೆಂಡತಿ ಕೇಳಿದಳು. ‘ಮನೇಲೇ ಬಿದ್ಕಂಡಾನೆ ಅಂತ. ಬೈಯೂಕೆ ಅಡ್ಡಿಲ್ಲ!’ ಎಂದು ಸಾವಿತ್ರಕ್ಕ ಆ ವಾರ ಮೊದಲ ಸಲ ನಕ್ಕಳು. ಬಾಯಿ ತೆರೆಯದೆ ಕೆಲಸ ಮುಗಿಸುವ ಗುರುತನ್ನು ಕಲಿಯಲು ನಾನು ಕಾರವಾರದವರೆಗೆ ಬಸ್ಸಿಗೆ ಹೋಗಿದ್ದೆನಲ್ಲ!

ಮೊದಲ ಸಾಲನ್ನು ಅಳಿಸಿ ಬರೆದೆ: ‘ಹೊರಡುವವರು ಜಗಲಿಯ ಬುಟ್ಟಿಯ ಬಾಯಿಯನ್ನು ಹೋಗುವ ದಿಕ್ಕಿಗೆ ತಿರುಗಿಸಿಡಿ.’ ಈ ಸಲ ಗೋಡೆಗೆ ಹಚ್ಚುವ ಮೊದಲು ಸಾವಿತ್ರಕ್ಕನಿಗೆ ಓದಿ ಹೇಳಿದೆ. ನಕ್ಷತ್ರ ಹಾಕಲಿಲ್ಲ. ಹಾಕದಿದ್ದರೂ ವಾರದೊಳಗೆ ದಂಡೆಯ ಮನೆಗಳ ಜಗಲಿಯಲ್ಲೆಲ್ಲ ಬುಟ್ಟಿಗಳು ಉತ್ತರಕ್ಕೂ ದಕ್ಷಿಣಕ್ಕೂ ಬಾಯಿ ತೆರೆದು ಮಲಗಿದವು.

ಒಂದು ಸಂಜೆ ಆ ಕಡೆ ಹೋಗಿದ್ದಾಗ ಗೋಪಾಲ ದೋಣಿ ಎಳೆದಿಟ್ಟು ಮನೆಗೆ ಬರುವುದನ್ನು ಕಂಡೆ. ಕಾಲು ತೊಳೆಯುವ ಮೊದಲೇ ಅವನು ಬಗ್ಗಿ, ಬುಟ್ಟಿಯ ಬಾಯಿಯನ್ನು ಮನೆಯ ಬಾಗಿಲ ಕಡೆಗೆ ತಿರುಗಿಸಿದ. ಒಳಗೆ ಸಾವಿತ್ರಕ್ಕ ಅದನ್ನು ನೋಡಿಯೇ ಒಲೆಯ ಮೇಲೆ ಅನ್ನಕ್ಕಿಟ್ಟಳು. ಪಕ್ಕದ ಮನೆಯಲ್ಲೂ ಹಾಗೇ, ಅದರಾಚೆಯ ಮನೆಯಲ್ಲೂ ಹಾಗೇ. ಅದನ್ನು ನಾನು ಬರೆದಿರಲಿಲ್ಲ, ಯಾರೂ ಬರೆದಿರಲಿಲ್ಲ.

ಮುಂದಿನ ಸಲ ಕಾರವಾರಕ್ಕೆ ಹೋದಾಗ ವೀಣಾಗೆ ಹೇಳಿದೆ. ಅವಳು ಕೂಡಲೇ ಪುಟ ತೆರೆದು, ‘ಎಂಟನೇ ಸಾಲು ಮಾಡ್ಲಾ ಮಾಸ್ತರ್ರೆ? ಬಂದ ಮೇಲೆ ಬುಟ್ಟಿ ಮನೆ ಕಡೆಗೆ ತಿರುಗಿಸಿ ಅಂತ?’ ಎಂದು ಕೀಬೋರ್ಡಿನ ಮೇಲೆ ಬೆರಳಿಟ್ಟಳು.

‘ಬೇಡ. ಅಲ್ಲೊಂದು ಸಾಲು ಖಾಲಿ ಬಿಡು’ ಎಂದೆ.

‘ಕೊನೆಗೆ ಖಾಲಿ ಬಿಟ್ರೆ ಪುಟದಲ್ಲಿ ಕಾಣೂದೇ ಇಲ್ಲ’ ಎಂದಳು.

‘ಕಾಣದಿರಲಿ, ಬಿಡು. ಅವರಿಗೆ ಗೊತ್ತದೆ.’