ಗೋರಖನಾಥನ ಪಿಯಾನೋ ಪೆಟ್ಟಿಗೆ

ಭಾಲ್ಕಿ ತಹಸೀಲ ಕಚೇರಿಯ ಚಪರಾಸಿ ಗೋರಖನಾಥನಿಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ಊರವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಕಾರಣ ಯಾವಾಗಲೂ ಇರುತ್ತಿತ್ತು, ಕಾಣುವ ಕಣ್ಣು ಊರವರಿಗಿರಲಿಲ್ಲ ಅಷ್ಟೆ. ಅವನ ಮನೆ ಊರ ಹೊರಗಿನ ಓಣಿಯಲ್ಲಿತ್ತು. ಆ ಓಣಿಯವರ ಕೈಯ ನೀರನ್ನು ಊರೊಳಗಿನವರು ಮುಟ್ಟುತ್ತಿರಲಿಲ್ಲ. ಆ ಓಣಿಯಿಂದ ಬಂದ ಸಾಮಾನನ್ನು ನೀರು ಹಾಕದೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಕಚೇರಿಯಲ್ಲೂ ಅವನಿಗೆ ಬೇರೆ ಗಡಿಗೆ, ಬೇರೆ ಲೋಟ. ಇಷ್ಟೆಲ್ಲ ಕಣ್ಣೆದುರೇ ಇದ್ದು, ಈ ಮನುಷ್ಯನಿಗೆ ಯಾಕೆ ಸಿಟ್ಟು ಎಂದು ಕೇಳುವವರಿಗೆ ಏನು ಹೇಳುವುದು?

ಕಚೇರಿಯಲ್ಲಿ ಸಿಟ್ಟು ತೋರಿಸಿದರೆ ನೌಕರಿ ಹೋಗುತ್ತಿತ್ತು. ಅದಕ್ಕೆ ಅವನು ಅದನ್ನು ಹಲ್ಲು ಕಚ್ಚಿ ಮನೆಗೆ ತಂದು, ಗ್ರಾಮೋಫೋನಿಗೆ ಚಾವಿ ಕೊಟ್ಟು, ಪಿಯಾನೋ ಪ್ಲೇಟು ಹಚ್ಚಿ ಕೂರುತ್ತಿದ್ದ.

ಈ ಹುಚ್ಚು ಹತ್ತಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಗ ಅವನು ನೌಬಾದದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಬೀದರಿನ ವಿಮಾನ ಮೈದಾನದಲ್ಲಿ ಗೋರಾ ಸಾಹೇಬರ ಮೆಸ್ಸಿನ ಕಸ ಹೊಡೆಯುತ್ತಿದ್ದ. ಸಂಜೆ ಸಾಹೇಬರ ಕೈಯಲ್ಲಿ ಗ್ಲಾಸು ಇರುತ್ತಿದ್ದುದರಿಂದ ಗ್ರಾಮೋಫೋನು ತಿರುವುವ ಕೆಲಸವೂ ಇವನ ಪಾಲಿಗೆ ಬಂತು. ಅಲ್ಲಿ ಕೇಳಿದ ಜಾಝ್ ಪಿಯಾನೋ ಅವನನ್ನು ಬಿಡಲೇ ಇಲ್ಲ. ಎಡಗೈ ಒಂದೇ ಸಮನೆ ನಡೆಯುತ್ತಿರುತ್ತದೆ, ಬಲಗೈ ಮಾತು ಕೇಳದ ಮಗನ ಹಾಗೆ ಎಲ್ಲೆಲ್ಲೋ ಅಲೆದು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತದೆ. ಬಾರಿಸುವವನು ಸಿಟ್ಟಿನಲ್ಲಿದ್ದಾನೆ, ಸಿಟ್ಟಿನಲ್ಲೇ ನಗುತ್ತಿದ್ದಾನೆ ಎಂದು ಗೋರಖನಾಥನಿಗೆ ಮೊದಲ ಸಲವೇ ಹೊಳೆಯಿತು. ಈ ಸಂಗೀತ ಕಟ್ಟಿದವರು ಸಮುದ್ರದಾಚೆಯ ಕರಿಯ ಜನ, ಬಿಳಿಯರು ಅವರನ್ನು ತಮ್ಮ ಪಂಕ್ತಿಯಲ್ಲಿ ಕೂರಿಸುವುದಿಲ್ಲ ಎಂದು ಒಬ್ಬ ಸಾಹೇಬ ಹೇಳಿದ. ಅಲ್ಲಿಗೆ ಆ ಸಂಗೀತ ಗೋರಖನಾಥನ ಸ್ವಂತದ್ದಾಯಿತು.

ಯುದ್ಧ ಮುಗಿದು ಊರಿಗೆ ಹೊರಡುವಾಗ ಅದೇ ಸಾಹೇಬ ತನ್ನ ಹಳೆಯ ಗ್ರಾಮೋಫೋನಿನ ಜೊತೆ ಹಸಿರು ಬಟ್ಟೆ ಹೊದಿಸಿದ ಒಂದು ಪೆಟ್ಟಿಗೆ ಕೊಟ್ಟುಹೋದ. ಆರು ಪ್ಲೇಟಿಗೆ ಆರು ಚೀಲ, ಮುಚ್ಚಳದ ಒಳಗೆ ಶಾಯಿಯಲ್ಲಿ ಬರೆದ ನಂಬರು. ಇಂಥ ಪೆಟ್ಟಿಗೆ ಮುನ್ನೂರೇ ಮಾಡಿದ್ದು, ಇನ್ನು ಮಾಡುವುದಿಲ್ಲ ಎಂದಿದ್ದ. ಗೋರಖನಾಥ ಮನೆಗೆ ತಂದು ತೆರೆದರೆ ಪ್ಲೇಟು ಐದೇ. ಆರನೆಯ ಚೀಲ ಬರಿದು.

ಅವತ್ತಿನಿಂದ ಆ ಬರಿದು ಚೀಲ ಅವನನ್ನು ಕಾಡಿತು. ಸಂಬಳ ಬಂದಾಗ ರೈಲು ಹತ್ತಿ ಹೈದರಾಬಾದಿನ ಜುಮ್ಮೇರಾತ್ ಬಜಾರಿಗೆ ಹೋಗಿ, ಹಳೆ ಸಾಮಾನಿನ ರಾಶಿ ಕೆದರುತ್ತಿದ್ದ. ಹಾಗೆ ಕೆದರಿ ಇನ್ನೆರಡು ಪಿಯಾನೋ ಪೆಟ್ಟಿಗೆ ಕೂಡಿಸಿದ. ಆರನೆಯ ಪ್ಲೇಟು ಮಾತ್ರ ಸಿಗಲಿಲ್ಲ. ಮೆಸ್ಸಿನಲ್ಲಿ ಅಡಿಗೆ ಮಾಡುತ್ತಿದ್ದ ಖಾನಸಾಮಾ, ಔರಾದದ ಮಹಬೂಬನೇ ಅದನ್ನು ಹಾರಿಸಿದ್ದು ಎಂದು ಅವನಿಗೆ ಗುಮಾನಿ. ಒಮ್ಮೆ ಬೀದರಿನ ನಡುಬಜಾರಿನಲ್ಲಿ ಅವನ ಅಂಗಿ ಹಿಡಿದು ಅಲುಗಾಡಿಸಿ ಬಂದಿದ್ದ.

ಮನೆಯಲ್ಲಿ ಒಂದೇ ಕಾಯಿದೆ. ಸಾಬೂನು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಪ್ಲೇಟು ಮುಟ್ಟಬೇಕು. ಅದೂ ಅಂಚಿನಲ್ಲಿ.

"ಅರಗಿನ ಸಾಮಾನ ಅದ. ಬಿಸಲು ಆಗಲ್ಲ, ಬಿಸಿನೀರು ಆಗಲ್ಲ. ಮೆತ್ತಗಾಗಿ ಹಪ್ಪಳ ಆಗ್ತದ," ಎಂದು ಹೆಂಡತಿ ಶಾಲುಬಾಯಿಗೆ ಹೇಳಿ ಹೇಳಿ, ಅವಳಿಗದು ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.

ಐವತ್ತಾರನೆಯ ಇಸವಿಯ ದಸರೆಗೆ ಗೋರಖನಾಥ ಓಣಿಯವರ ಜೊತೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ಬಂದವನು ಕಚೇರಿಯಲ್ಲಿ ತನ್ನ ಬೇರೆ ಲೋಟವನ್ನು ಎತ್ತಿ ಹಿತ್ತಲಿಗೆ ಒಗೆದ. ಯಾರೂ ಏನೂ ಅನ್ನಲಿಲ್ಲ. ಅನ್ನಲು ಪುರುಸೊತ್ತಿರಲಿಲ್ಲ. ಹೈದರಾಬಾದ ರಾಜ್ಯ ಮೂರು ಪಾಲಾಗಿ, ಬೀದರು, ಭಾಲ್ಕಿ, ಔರಾದ ಮೈಸೂರಿಗೆ ಸೇರುವುದೆಂದು ಠರಾವಾಗಿತ್ತು. ಉರ್ದು ಬೋರ್ಡು ಇಳಿಸುವುದು, ಕನ್ನಡ ಬೋರ್ಡು ಏರಿಸುವುದು ಜೋರಾಗಿ ನಡೆದಿತ್ತು.

ಆ ಗದ್ದಲದಲ್ಲೇ ಔರಾದದ ಬಸ್ಸಿನ ಕಂಡಕ್ಟರ ಒಂದು ಸುದ್ದಿ ತಂದ. ಖಾನಸಾಮಾ ಮಹಬೂಬ ತೀರಿಕೊಂಡಿದ್ದಾನೆ, ಅವನ ಹೆಂಡತಿ ಮುನವ್ವರ ಬೇಗಂ ಬಂದು ಹೋಗಲು ಹೇಳಿದ್ದಾಳೆ. ರಾಜ್ಯ ಸೇರುವ ಹಿಂದಿನ ದಿನ ಗೋರಖನಾಥ ರಜೆ ಹಾಕಿ ಬೀದರಿಗೆ ಹೋಗಿ, ಅಲ್ಲಿಂದ ಸಂತಪುರದ ಮೇಲಿನ ಬಸ್ಸು ಹಿಡಿದು ಔರಾದಕ್ಕೆ ಹೋದ.

ಮುನವ್ವರ ಬೇಗಂ ಮನೆಯ ಕಪ್ಪಿನಲ್ಲೇ ಚಹಾ ಕೊಟ್ಟಳು. ಆಮೇಲೆ ಪೆಟ್ಟಿಗೆಯಿಂದ ಹಳೆಯ ದುಪಟ್ಟಾದಲ್ಲಿ ಸುತ್ತಿದ ಪ್ಲೇಟು ತೆಗೆದು ಮುಂದಿಟ್ಟಳು.

"ಅವರಿಗಿ ಈ ಒಂದ ಧಾಟಿ ಭಾಳ ಸೇರ್ತಿತ್ರಿ, ಭಾಯಿ. ಆಸಿಗಿ ಬಿದ್ದು ತಗೊಂಡ ಬಂದಿದ್ರು. ಕೊಟ್ಟ ಬರ್ತೇನಿ, ಕೊಟ್ಟ ಬರ್ತೇನಿ ಅಂತ ಹತ್ತ ವರ್ಷ ಅಂದ್ರು."

"ಮತ್ತ ಯಾಕ ಕೊಡಲಿಲ್ರಿ?"

"ನಿಮ್ಮ ಸಿಟ್ಟಿಗಿ ಹೆದರಿದ್ರು."

ಗೋರಖನಾಥ ಚಹಾ ಕುಡಿದ. ಸತ್ತವನ ಮೇಲೆ ಸಿಟ್ಟಾಗುವ ಹಾಗಿಲ್ಲ, ತನ್ನ ಮೇಲೆ ಸಿಟ್ಟಾಗುವ ರೂಢಿ ಇಲ್ಲ. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ, ಒಂದು ಗೀರೂ ಇರಲಿಲ್ಲ. ಬಸ್ಸು ಮರುದಿನವೇ ಇದ್ದದ್ದರಿಂದ ಅಲ್ಲೇ ಉಳಿದ.

ಮರುದಿನ ಮಧ್ಯಾಹ್ನ ಭಾಲ್ಕಿಗೆ ಬಂದು ಮನೆ ಹೊಕ್ಕರೆ ಗ್ರಾಮೋಫೋನಿನ ಜಾಗ ಖಾಲಿ. ಹಸಿರು ಪೆಟ್ಟಿಗೆಯೂ ಇಲ್ಲ. ಶಾಲುಬಾಯಿ ಗೋಡೆಗೊರಗಿ ಕೂತಿದ್ದಳು.

"ನಿನ್ನಿ ಸಂಜಿಕಿ ಬಕ್ಕಪ್ಪ ಸಾವಕಾರ ಆಳ ಕರ್ಕೊಂಡ ಬಂದಿದ್ದರಿ. ರಾಜ್ಯ ಸೇರೋ ಜಲಸಾಕ್ಕ ಗ್ರಾಮೋಫೋನ ಬಾಜಾ ಬೇಕಂತ, ತಹಸೀಲದಾರ ಸಾಹೇಬರ ಹುಕುಂ ಅದ ಅಂತ. ನಮ್ಮನಿಯವರ ಬರ್ಲಿ, ಅವರೇ ತಂದು ಬಾರಸ್ತಾರ ಅಂದೆ. ಅಂವ ಬರೋದ ಬ್ಯಾಡ, ಬಾಜಾ ಸಾಕು ಅಂದ. ಪೆಟಿಗಿ ಛಂದ ಕಂಡಿತಂತ ಅದನೂ ಎತ್ತಿಸಿದ. ನಾ ಏನ ಮಾಡ್ಲಿ? ಕೈ ತೊಳಕೊಂಡ ಮುಟ್ರಿ ಅಂದೆ. ನಕ್ಕ. ನಿಮ್ಮ ಸಾಮಾನ ಮುಟ್ಟಲಿಕ್ಕ ನಾ ಕೈ ತೊಳಕೋಬೇಕಾ, ಮುಟ್ಟಿದ ಮ್ಯಾಲ ತೊಳಕೋತೀನಿ ಅಂದ."

ಗೋರಖನಾಥ ಆರನೆಯ ಪ್ಲೇಟನ್ನು ಅವಳ ತೊಡೆಯ ಮೇಲಿಟ್ಟು ಹಾಗೇ ತಿರುಗಿ ನಡೆದ.

ಬಕ್ಕಪ್ಪನದು ಚೌಕದಲ್ಲಿ ಬಟ್ಟೆ ಅಂಗಡಿ, ಸ್ವಾಗತ ಸಮಿತಿಯ ದೊಡ್ಡಸ್ತಿಕೆಯೂ ಅವನದೇ. ಅಂಗಡಿಯ ಮುಂದೆ ವೇದಿಕೆ, ವೇದಿಕೆಯ ಮೇಲೆ ಗ್ರಾಮೋಫೋನು. ಇವತ್ತಿನಿಂದ ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಯಾರೋ ಭಾಷಣ ಹೊಡೆಯುತ್ತಿದ್ದರು. ಗೋರಖನಾಥನಿಗೆ ಆ ಮಾತು ಕೇಳಿಸಲಿಲ್ಲ. ಅವನ ಕಣ್ಣು ಅಂಗಡಿಯ ಕಟ್ಟೆಯ ಕಡೆಗಿತ್ತು. ಕಟ್ಟೆಯ ಮೇಲೆ ಮಡಿ ಧೋತರ ಹಾಸಿ, ಅದರ ಮೇಲೆ ಐದೂ ಪ್ಲೇಟುಗಳನ್ನು ಬಿಸಿಲಿಗೆ ಒಣಹಾಕಿದ್ದರು. ಒಂದೊಂದೂ ಒಂದೊಂದು ಕಡೆಗೆ ಬಾಗಿ, ಅಂಚು ಮೇಲೆದ್ದು ನಿಂತಿತ್ತು. ಪಕ್ಕದಲ್ಲಿ ಹಂಡೆಯಿತ್ತು, ತಳದಲ್ಲಿ ಉಳಿದ ನೀರಿನಲ್ಲಿ ತುಳಸಿ ಎಲೆ ತೇಲುತ್ತಿತ್ತು.

ಅವನಿಗೆ ಎಲ್ಲಾ ತಿಳಿಯಿತು. ಆದರೂ ಕೇಳಿದ.

"ಯಾರ ಮಾಡಿದ್ದಿದು?"

"ಏ ಗೋರಖ್ಯಾ, ಯಾಕ ಒದರ್ತಿ?" ಎಂದ ಬಕ್ಕಪ್ಪ. ಅವನ ದನಿಯಲ್ಲಿ ಕಳವಳವಾಗಲಿ ನಾಚಿಕೆಯಾಗಲಿ ಇರಲಿಲ್ಲ. "ನಿಮ್ಮ ಮನಿಯಿಂದ ಬಂದದ್ದ ಸಭಾದಾಗ ಹಾಂಗೇ ಇಡಲಿಕ್ಕ ಬರ್ತದೇನು? ಬಾಜಾದ ಮ್ಯಾಲ ನೀರ ಚಿಮಕಿಸಿದಿವಿ. ಪ್ಲೇಟ ಕುದಿಯೋ ನೀರಾಗ ತೊಳದಿವಿ. ಹೊತ್ತಾಯ್ತು, ಒಣಗಿಲ್ಲಿನ್ನ. ನಾವೇನ ಒಡದಿಲ್ಲಲ್ಲ."

ಒಡೆದಿದ್ದರೆ ಗೋರಖನಾಥ ತಡೆದುಕೊಳ್ಳುತ್ತಿದ್ದನೇನೋ. ಬೇಕಂತಲೇ ಹಾಳು ಮಾಡಿದ್ದರೆ ಹಗೆತನ ಎಂದುಕೊಳ್ಳಬಹುದಿತ್ತು. ಇವನು ಹಾಳು ಮಾಡಿದ್ದು ಶುದ್ಧ ಮಾಡಲಿಕ್ಕೆ! ಅದೂ ಕಾಳಜಿಯಿಂದ, ಧೋತರ ಹಾಸಿ. ತಾನು ಇಷ್ಟು ವರ್ಷ ಸಾಬೂನು ಹಚ್ಚಿ ಕೈ ತೊಳೆದು, ಅಂಚಿನಲ್ಲಿ ಹಿಡಿದು ಕಾಪಾಡಿದ ಸಾಮಾನು ಇವರ ಕಣ್ಣಿಗೆ ಹೊಲಸಾಗಿತ್ತು. ಗೋರಖನಾಥನಿಗೆ ಮೈಯೆಲ್ಲ ಉರಿಯಿತು.

ಅವನು ವೇದಿಕೆ ಹತ್ತಿದ. ಭಾಷಣ ನಿಂತಿತು. ಸಭಿಕರಿಗಾಗಿ ಇಟ್ಟಿದ್ದ ಕುಡಿಯುವ ನೀರಿನ ಕೊಡ ಎತ್ತಿಕೊಂಡ. ಅವನು ಮುಟ್ಟಿದ್ದಕ್ಕೇ ಅರ್ಧ ಸಭೆ ಎದ್ದು ನಿಂತಿತು. ಗ್ರಾಮೋಫೋನಿನ ಹಿತ್ತಾಳೆಯ ತುತ್ತೂರಿ ಬಿಚ್ಚಿ, ಎಲ್ಲರೂ ನೋಡುತ್ತಿದ್ದಂತೆ ಅದರ ಮೇಲೆ ನೀರು ಸುರಿದು, ತನ್ನ ಹೆಗಲ ಟವೆಲಿನಿಂದ ತಿಕ್ಕಿ ತಿಕ್ಕಿ ತೊಳೆದ.

"ಏನ ಮಾಡಲಿಕತ್ತಿ?" ಬಕ್ಕಪ್ಪ ಕೂಗಿದ.

"ನೀ ಮುಟ್ಟೀದಿ, ಬಕ್ಕಪ್ಪ. ಅದಕ್ಕ ತೊಳಿಲಿಕತ್ತೀನಿ."

ಆ ಊರಲ್ಲಿ ಆ ಓಣಿಯ ಮನುಷ್ಯ ಸಾವಕಾರನ ಬರಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ತಹಸೀಲದಾರರು, ಹೊಸ ರಾಜ್ಯದ ಮೊದಲ ದಿನವೇ ಗಲಾಟೆ ಬೇಡವೆಂದೋ ಏನೋ, ನೆಲ ನೋಡುತ್ತ ಕೂತರು. ಗೋರಖನಾಥ ಬಾಜಾ ಹೆಗಲಿಗೇರಿಸಿ, ಸೊಟ್ಟಗಾದ ಐದೂ ಪ್ಲೇಟುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಬಂದ.

ಬಂದವನು ಆ ಪ್ಲೇಟುಗಳನ್ನು ಗಾಜಿನ ನಡುವೆ ಇಟ್ಟು, ಬೀಸುವ ಕಲ್ಲು ಹೇರಿ ನೋಡಿದ. ನೆಟ್ಟಗಾಗಲಿಲ್ಲ. ಮೂರನೆಯದು ಮಾತ್ರ ಕುಂಟುತ್ತ ಎರಡು ಸುತ್ತು ನುಡಿದು ಸುಮ್ಮನಾಯಿತು. ಆಗ ಅವನು ಅತ್ತ. ಅವನು ಅತ್ತದ್ದನ್ನು ಶಾಲುಬಾಯಿ ಅದಕ್ಕಿಂತ ಮೊದಲು ಕಂಡಿರಲಿಲ್ಲ. ಎದ್ದು ಕೈ ತೊಳೆದು, ಒರೆಸಿಕೊಂಡು, ಖಾನಸಾಮಾನ ಪ್ಲೇಟನ್ನು ಅಂಚಿನಲ್ಲಿ ಹಿಡಿದು ಅವಳೇ ಹಚ್ಚಿದಳು. ಹತ್ತು ವರ್ಷ ಬರಿದಾಗಿದ್ದ ಚೀಲದ ಪ್ಲೇಟೊಂದೇ ಈಗ ಆ ಹಸಿರು ಪೆಟ್ಟಿಗೆಯಲ್ಲಿ ಉಳಿದ ಸಂಗೀತ.

ಮುಂದಿನ ವರ್ಷ ಅದೇ ದಿನ ಮತ್ತೆ ಜಲಸಾ. ಬೀದರಿನಿಂದ ತರಿಸಿದ ಬಾಜಾದ ಸ್ಪ್ರಿಂಗು ಮುರಿದಿತ್ತು, ದೊಡ್ಡ ಸಾಹೇಬರು ಬಂದು ಕೂತಿದ್ದರು. ಬಕ್ಕಪ್ಪ ತಾನೇ ಓಣಿಗೆ ಬಂದು ಗೋರಖನಾಥನ ಅಂಗಳದಲ್ಲಿ ನಿಂತ.

"ಗೋರಖನಾಥ, ಆದದ್ದ ಆಗಿ ಹೋಯ್ತು. ಬಾಜಾ ಕೊಡು. ಮಾನದ ಪ್ರಶ್ನಿ ಅದ. ಈ ಸಲ ತೊಳಿಯಂಗಿಲ್ಲ."

"ಕೊಡ್ತೇನ್ರಿ, ಸಾವಕಾರ್ರ," ಎಂದ ಗೋರಖನಾಥ. "ಆದರ ಈ ಮನಿ ಕಾಯಿದಿ ಒಂದ ಅದರಿ. ಮೊದಲ ಕೈ ತೊಳಕೋರಿ."

ಶಾಲುಬಾಯಿ ಒಳಗಿನಿಂದ ತುಂಬಿದ ತಂಬಿಗೆ, ಸಾಬೂನು ತಂದು, ನೀರು ಹಾಕಲು ತಂಬಿಗೆ ಬಗ್ಗಿಸಿ ನಿಂತಳು. ಬಕ್ಕಪ್ಪ ತಂಬಿಗೆ ನೋಡಿದ, ಅದನ್ನು ಹಿಡಿದ ಅವಳ ಕೈ ನೋಡಿದ. ತನ್ನ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಬಂದ ದಾರಿಯಲ್ಲೇ ಹೋದ. ಆ ವರ್ಷ ಭಾಲ್ಕಿಯ ಜಲಸಾದಲ್ಲಿ ಬರೀ ಭಾಷಣವಾಯಿತು.