ಮೊಲಗಳ ಮೇಡಂ

ಸಂಜೆ ನಾಲ್ಕಕ್ಕೆ ಆಸ್ಪತ್ರೆಯಲ್ಲಿ ನನ್ನ ತಮ್ಮನ ತೋರುಬೆರಳು ಬಿಳಿಚಿಕೊಂಡಿತು. ಹೊಲಿಗೆಗಳ ನಡುವೆ ಕಡಲೆಕಾಳಿನಷ್ಟು ಚರ್ಮ. ಅದು ಅವನ ಕಾಲ್ಬೆರಳಿನದು. ಆಪರೇಷನ್ ಮಾಡಿದ ಮೇಡಂ ಅದನ್ನು ಪೆನ್ನಿನ ಮುಚ್ಚಳದಿಂದ ಒತ್ತಿ ಬಿಟ್ಟರು. ಕೆಂಪು ಮರಳಲಿಲ್ಲ.

ತಮ್ಮ ಕೆಲಸ ಮಾಡುತ್ತಿದ್ದ ಮಾಟುಂಗದ ಹೋಟೆಲಿನ ಗ್ರೈಂಡರಿಗೆ ಸಿಕ್ಕಿ ಅವನ ಬೆರಳಿನ ಗೆಣ್ಣು ಪುಡಿಯಾಗಿತ್ತು. ಮೇಡಂ ಅವನ ಕಾಲಿನ ಗೆಣ್ಣೊಂದನ್ನು ರಕ್ತನಾಳಗಳ ಸಮೇತ ತೆಗೆದು ಅಲ್ಲಿ ಕೂರಿಸಿದ್ದರು. ಒಳಗೆ ರಕ್ತ ಹರಿಯುತ್ತಿದೆಯೇ ಎಂದು ನೋಡಲು ಬಿಟ್ಟ ಕಿಟಕಿ ಆ ಚರ್ಮ.

ಕೀಲು ಕಸಿಯನ್ನು ಮೊದಲು ಮೊಲಗಳ ಮೇಲೆ ಮಾಡಿ ನೋಡುವ ಅವರ ಅಂಧೇರಿಯ ಪ್ರಯೋಗಾಲಯದಲ್ಲಿ ಆ ಮೊಲಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕಸಿ ಮಾಡಿದ ಮಂಡಿಯಿಂದ ಮೊಲವೊಂದು ಕುಪ್ಪಳಿಸಿದ ದಿನ ನಾವೆಲ್ಲ ಪೇಡಾ ಹಂಚಿದೆವು. ಧಾರವಾಡದವರಾಗಿಯೂ ಮೇಡಂ ಮುಟ್ಟಲಿಲ್ಲ. ಕೆಲವು ವಾರಗಳ ಬಳಿಕ ಅರಿವಳಿಕೆ ಕೊಟ್ಟು ಅದರ ಮೂಳೆ ಕೆರೆದರು. ಒಂದು ಚುಕ್ಕೆ ರಕ್ತವೂ ಒಸರಲಿಲ್ಲ. ಮಂಡಿ ಆಡುತ್ತಿತ್ತು, ಒಳಗಿನ ಮೂಳೆ ಸತ್ತಿತ್ತು.

"ಕುಣಿಯೋದನ್ನ ನಂಬಬ್ಯಾಡ್ರಿ," ಎಂದರು. ನಾನು ಹಾಕಿದ ಪಂಜರದ ಬೀಗವನ್ನೂ ಅವರು ಮತ್ತೊಮ್ಮೆ ಜಗ್ಗಿ ನೋಡುವವರೇ.

ನನಗೂ ಅವರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಮೊಲದಲ್ಲಿ ಸೋತದ್ದನ್ನು ನನ್ನ ತಮ್ಮನ ಮೇಲೆ ಪರೀಕ್ಷಿಸುತ್ತಿದ್ದಾರೆಯೇ? ಬಿಳಿಚಿದ ಬೆರಳು ಕಂಡಾಗ ಆ ಮಾತು ಗಂಟಲಿನವರೆಗೆ ಬಂದಿತ್ತು.

ಅವರು ಮಾತ್ರ ಮೇಜಿನ ಮೇಲಿದ್ದ ಲೋಟವನ್ನೆತ್ತಿ ಮೂಸಿದರು. "ಇವಗ ಕಾಫಿ ಕೊಟ್ಟವ್ರು ಯಾರು?"

ಹೋಟೆಲಿನ ಒಡೆಯರಾದ ನಮ್ಮ ಮಾವ ಫ್ಲಾಸ್ಕನ್ನು ಹಿಂದಕ್ಕೆ ಸರಿಸಿದರು. ಕಾಫಿ, ಬೀಡಿ ಎರಡೂ ರಕ್ತನಾಳ ಬಿಗಿಯುವಂತೆ ಮಾಡುತ್ತವೆ, ಬೇಡ ಎಂದು ಮೇಡಂ ಮೊದಲೇ ಹೇಳಿದ್ದರು. ಆದರೆ ಹೋಟೆಲಿನವರಿಗೆ ಬರಿಗೈಯಲ್ಲಿ ರೋಗಿಯನ್ನು ನೋಡಲು ಬಂದು ಅಭ್ಯಾಸವಿಲ್ಲ.

"ಬೀಡಿ ಕೊಡ್ಲಿಲ್ಲ ಡಾಕ್ಟ್ರೆ. ಕಾಫಿ ಅಷ್ಟೆ ಮಾರಾಯ್ರೆ, ಅವ ಮುಖ ಸಣ್ಣ ಮಾಡಿ ಕೂತಿದ್ದ."

"ನನ್ನ ಮೊಲಾನ ಚಲೋ ನೋಡ್ರಿ. ಅವಕ್ಕ ಇಂಥಾ ಮಾವ ಇರಂಗಿಲ್ಲ."

ಎಸಿ ಆರಿಸಿದರು, ಪಟ್ಟಿ ಸಡಿಲಿಸಿದರು, ಒಂದು ಹೊಲಿಗೆ ಬಿಚ್ಚಿ ನಾಳದ ಮೇಲೆ ಔಷಧ ಹನಿಸಿ ಕೈಯನ್ನು ಹತ್ತಿಯಲ್ಲಿ ಬೆಚ್ಚಗಿಟ್ಟರು. ರಕ್ತ ಬಾರದಿದ್ದರೆ ಬೆರಳು ಹೋಯಿತು ಎಂದು ಹೇಳಿ ಪಕ್ಕದಲ್ಲೇ ಕುಳಿತರು. ಒತ್ತುವುದು, ಬಿಡುವುದು. ಇಂದಿಗೂ ಕಣ್ಣು ಮುಚ್ಚಿದರೆ ಆ ಮುಚ್ಚಳ ಮೇಲೇಳುತ್ತದೆ, ಕೆಳಗಿನ ಬಿಳುಪು ಕಾಣುತ್ತದೆ. ಕೊನೆಗೆ ಅಂಚಿನಿಂದ ಗುಲಾಬಿ ಬಣ್ಣ ತೆವಳಿ ಬಂತು. ನಾನು ಅತ್ತುಬಿಟ್ಟೆ. ಮೇಡಂ ಸೂಜಿ ಚುಚ್ಚಿ, ಕೆಂಪು ಹನಿ ಕಂಡ ಮೇಲೂ ಕದಲಲಿಲ್ಲ.

ತಮ್ಮನನ್ನು ಮನೆಗೆ ಕರೆತಂದ ಮೇಲೂ ನಾನು ರಾತ್ರಿ ಎದ್ದೆದ್ದು ಅವನ ಬೆರಳು ಒತ್ತುತ್ತಿದ್ದೆ, ಅವನು ಬೈಯುತ್ತಿದ್ದ. ತಿಂಗಳುಗಳ ನಂತರ ಮೂಳೆ ಬೆಸೆದ ಎಕ್ಸ್‌ರೇಯನ್ನು ಮೇಡಂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮನಿಗೆ ಬೆರಳು ಮಡಿಸಲು ಹೇಳಿದರು, ಅದು ಮಡಿಚಿತು. ಆಮೇಲೆ ಮುಚ್ಚಳವನ್ನು ಪೆನ್ನಿಗೆ ಹಾಕಿದರು.

"ಇನ್ನ ನೀನೂ ಮಲಕೋ ಹೋಗವಾ."

ಆ ರಾತ್ರಿ ಸಾಂತಾಕ್ರೂಜಿನ ನಮ್ಮ ಮನೆಯ ಮೇಲೆ ಎಷ್ಟು ವಿಮಾನ ಹಾರಿದವೋ, ನನಗೆ ಒಂದೂ ಕೇಳಿಸಲಿಲ್ಲ.