ಸಂಗಪ್ಪನ ಓಣಿಯಿಂದ ಬಾರದ ಕಾರ್ಡು

1982ರಲ್ಲಿ ನಾನು ಒಂದು ರೇಡಿಯೋ ನಿಲಯದಲ್ಲಿ ಕಾರ್ಯಕ್ರಮ ಅಧಿಕಾರಿಯಾಗಿದ್ದೆ. ಮಾತಿನ ಕಾರ್ಯಕ್ರಮಗಳೆಲ್ಲ ನನ್ನ ವಿಭಾಗಕ್ಕೆ ಸೇರಿದ್ದವು. ನೌಕರಿಗೆ ಸೇರಿ ಒಂಬತ್ತು ವರ್ಷವಾಗಿತ್ತು. ನನ್ನಷ್ಟು ಚೊಕ್ಕವಾಗಿ ಫೈಲು ಇಡುವವರು ಇಡೀ ನಿಲಯದಲ್ಲಿ ಇಲ್ಲ ಎಂಬ ಜಂಬವೂ ಇತ್ತು. ಆ ಜಂಬ ಒಬ್ಬ ಕಲಾವಿದನ ಕೊನೆಯ ವೇದಿಕೆಯನ್ನು ಕಿತ್ತುಕೊಂಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಕಲಾವಿದರ ಹೆಸರು ಕಾಳಪ್ಪ. ಊರು ಕಮತಗಿ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯ ಪಾತ್ರ ಮಾಡಿದವರು. ಕಂಪನಿ ಮುಚ್ಚಿದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಸುಮ್ಮನೆ ಕೂತಿದ್ದರು. ಶನಿವಾರ ರಾತ್ರಿ ಹತ್ತಕ್ಕೆ ಅರ್ಧ ಗಂಟೆ ‘ಹತ್ತರ ಹರಟಿ’ ಎಂಬ ಕಾರ್ಯಕ್ರಮ ಶುರುವಾದಾಗ ಅವರನ್ನು ಹುಡುಕಿ ತಂದವಳು ನಾನೇ. ವಾರಕ್ಕೊಬ್ಬ ಅತಿಥಿ. ದೊಡ್ಡ ಮನುಷ್ಯರು ಯಾರೂ ಅಲ್ಲ. ಕುಳಗೇರಿ ಕ್ರಾಸಿನಲ್ಲಿ ಚಹಾದಂಗಡಿ ಇಟ್ಟವನು, ಬಾಗಲಕೋಟೆಯ ಕಂಪೌಂಡರ್, ಬಾದಾಮಿಯಲ್ಲಿ ಟಾಂಗಾ ಹೊಡೆಯುವವನು, ಇಂಥವರು. ನಾವು ಟೇಪ್ ರೆಕಾರ್ಡರ್ ಹೊತ್ತುಕೊಂಡು ಅವರಿದ್ದಲ್ಲಿಗೇ ಹೋಗುತ್ತಿದ್ದೆವು. ಕಾಳಪ್ಪ ಎದುರಿಗೆ ಕೂತು ಮಾತಿಗೆಳೆಯುತ್ತಿದ್ದರು. ಚೊಳಚಗುಡ್ಡದ ಹತ್ತಿರ ಬನಶಂಕರಿ ಗುಡಿಯ ಮುಂದೆ ರೊಟ್ಟಿ ಮಾರುವ ಅಜ್ಜಿಯನ್ನು ಒಮ್ಮೆ ಕೇಳಿದರು: “ಬಂದ ಮಂದಿ ಮೊದಲ ದೇವಿ ಕಡೆ ಹೋಗ್ತಾರೋ, ನಿನ್ನ ಬುಟ್ಟಿ ಕಡೆ ಬರ್ತಾರೋ?” ಅಜ್ಜಿ ಹೇಳಿದಳು: “ಹಸದಾವ್ರು ನನ್ನ ಕಡೆ ಬರ್ತಾರ. ಹೊಟ್ಟಿ ತುಂಬಿದಾವ್ರು ದೇವಿ ಕಡೆ ಹೋಗ್ತಾರ.” ನಮ್ಮ ಎಂಜಿನಿಯರ್ ನಗು ತಡೆಯಲಾರದೆ ಹೆಡ್‌ಫೋನ್ ಕಿತ್ತು ಎದ್ದು ಹೋಗಿದ್ದ.

ಕಾರ್ಯಕ್ರಮ ಜನರಿಗೆ ಮುಟ್ಟುತ್ತಿದೆಯೇ ಎಂದು ತಿಳಿಯಲು ನಮಗಿದ್ದ ಅಳತೆಗೋಲು ಒಂದೇ, ಕೇಳುಗರ ಪತ್ರ. ಬಂದ ಪತ್ರಗಳನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು, ಮೂರು ತಿಂಗಳಿಗೊಮ್ಮೆ ಎಣಿಸಿ, ಫಿಕ್ಸೆಡ್ ಪಾಯಿಂಟ್ ಚಾರ್ಟ್ ಪರಿಷ್ಕರಿಸುತ್ತಿದ್ದೆವು. ಯಾವ ಹೊತ್ತಿಗೆ ಏನು ಪ್ರಸಾರವಾಗಬೇಕೆಂಬ ಪಟ್ಟಿಗೆ ನಮ್ಮ ಭಾಷೆಯಲ್ಲಿ ಆ ಹೆಸರು. ‘ಹತ್ತರ ಹರಟಿ’ಗೆ ಮೊದಲಿನಿಂದಲೂ ಪತ್ರ ಕಡಿಮೆ. ಅಲ್ಲೊಂದು ಇಲ್ಲೊಂದು ಬರುತ್ತಿದ್ದವು. ತಪ್ಪದೆ ವಾರವಾರ ಬರುತ್ತಿದ್ದದ್ದು ಇಳಕಲ್ಲಿನ ಒಂದು ಕಾರ್ಡು. ‘ಕೇಳಿ ನಕ್ಕೇವಿ’ ಎಂಬ ಒಂದು ಸಾಲು, ಕೆಳಗೆ ‘ಸಂಗಪ್ಪ ಮತ್ತು ಓಣಿಯ ಸಮಸ್ತರು’ ಎಂದಿರುತ್ತಿತ್ತು. ನಾನು ಅದನ್ನು ಒಂದು ಪತ್ರ ಎಂದು ಬರೆದುಕೊಳ್ಳುತ್ತಿದ್ದೆ. ಕಾರ್ಡು ಒಂದೇ ತಾನೆ? ಪತ್ರ ಓದುವ ಕಾರ್ಯಕ್ರಮದಲ್ಲಿ ಹೆಸರು ಹೇಳುವಾಗಲೂ ಸಂಗಪ್ಪ ಎಂದಷ್ಟೇ ಹೇಳಿ ಮುಂದಿನ ಕಾರ್ಡು ಎತ್ತಿಕೊಳ್ಳುತ್ತಿದ್ದೆವು.

ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಇಳಕಲ್ಲಿನ ಕಾರ್ಡೂ ನಿಂತಿತು. ಒಟ್ಟು ಬಂದದ್ದು ಏಳೇ ಪತ್ರ. ನಮ್ಮ ನಿರ್ದೇಶಕರು ಮೈಸೂರು ಕಡೆಯವರು, ಸಜ್ಜನರು. ಸಭೆಯಲ್ಲಿ ರಿಜಿಸ್ಟರ್ ತಿರುವಿ ಕೇಳಿದರು: “ಬರೆಯುವವರೇ ಇಲ್ಲದ ಕಾರ್ಯಕ್ರಮಕ್ಕೆ ಕೇಳುವವರಿದ್ದಾರೆ ಅಂತ ನಾನು ಹೇಗೆ ನಂಬಲಿ? ನಿಮ್ಮ ಅಭಿಪ್ರಾಯ ಬರೆದುಕೊಡಿ.” ನಾನು ಅರ್ಧ ಗಂಟೆಯಲ್ಲಿ ಬರೆದುಕೊಟ್ಟೆ. ‘ಕೇಳುಗರ ಆಸಕ್ತಿ ಸ್ಪಷ್ಟವಾಗಿ ಕುಗ್ಗಿದೆ. ಈ ಅವಧಿಗೆ ವಾದ್ಯ ಸಂಗೀತ ಸೂಕ್ತ.’ ಕೆಳಗೆ ಸಹಿ ಹಾಕಿದೆ. ಕಾಳಪ್ಪನವರ ಮುಖ ಕಣ್ಣ ಮುಂದೆ ಬಂದಿತ್ತು, ನಿಜ. ಆದರೆ ನನ್ನ ಕಡೆಯವರೆಂದು ಪಕ್ಷಪಾತ ಮಾಡಲಿಲ್ಲವಲ್ಲ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಏಪ್ರಿಲ್‌ನಲ್ಲಿ ನೇಕಾರರ ಕಣ್ಣಿನ ಆರೋಗ್ಯದ ಬಗ್ಗೆ ರೆಕಾರ್ಡಿಂಗ್ ಮಾಡಲು ಇಳಕಲ್ಲಿಗೆ ಹೋದೆ. ಅಂದು ಶನಿವಾರ. ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಗೆಳತಿಯ ಮನೆಯಲ್ಲಿ ಉಳಿದೆ. ಸುತ್ತೆಲ್ಲ ನೇಕಾರರ ಮನೆಗಳು. ಲಗ್ನದ ದಿನಗಳಾದ್ದರಿಂದ ಸೀರೆಗೆ ಬೇಡಿಕೆ ಬಹಳ. ಊಟವಾದ ಮೇಲೂ ಮನೆಮನೆಯಲ್ಲಿ ಮಗ್ಗ ನಡೆದಿದ್ದವು. ಆ ಸದ್ದಿನಲ್ಲಿ ನನಗೆ ನಿದ್ದೆ ಬರುವ ಲಕ್ಷಣವಿರಲಿಲ್ಲ. ಹತ್ತಕ್ಕೆ ಎರಡು ನಿಮಿಷ ಇರುವಾಗ ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಇಡೀ ಓಣಿ ಸ್ತಬ್ಧವಾಯಿತು. ಕರೆಂಟು ಹೋಯಿತೇ ಎಂದರೆ ದೀಪಗಳು ಉರಿಯುತ್ತಲೇ ಇದ್ದವು. ಅಷ್ಟರಲ್ಲಿ ಎದುರು ಮನೆಯ ಕಿಟಕಿಯಿಂದ ಕಾಳಪ್ಪನವರ ಧ್ವನಿ ಕೇಳಿತು.

“ಹತ್ತರ ಹರಟಿ ಬಂತಂದ್ರ ಇವ್ರು ಹಿಂಗ ಮಗ್ಗ ಬಿಟ್ಟು ಏಳ್ತಾರ,” ಎಂದಳು ಗೆಳತಿ. “ಮಗ್ಗದ ಸದ್ದಿನಾಗ ರೇಡಿಯೋ ಕೇಳೂದಿಲ್ಲಲ್ಲ? ಒಬ್ಬರು ನಡಸಿದ್ರೂ ಬಾಜೂ ಮನಿಯವ್ರಿಗೆ ಕೇಳೂದಿಲ್ಲ. ಅದಕ್ಕ ಎಲ್ಲಾರೂ ನಿಲ್ಲಸ್ತಾರ.”

ಹೊರಗೆ ಬಂದು ನೋಡಿದೆ. ಕಟ್ಟೆಗಳ ಮೇಲೆ ಗಂಡಸರು, ಹೊಸ್ತಿಲುಗಳಲ್ಲಿ ಹೆಂಗಸರು, ಐವತ್ತು ಅರವತ್ತು ಜನ. ನಗುತ್ತಿದ್ದರು, ಆದರೆ ಯಾರೂ ಗಟ್ಟಿಯಾಗಿ ನಗುತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಇಷ್ಟು ಜನ ಕೇಳುತ್ತಿದ್ದಾರೆ, ನಾನು ಕೇಳುವವರಿಲ್ಲ ಎಂದು ಬರೆದುಕೊಟ್ಟಿದ್ದೇನೆ.

ಬೆಳಿಗ್ಗೆ ಸಂಗಪ್ಪನವರ ಮನೆ ಕೇಳಿಕೊಂಡು ಹೋದೆ. ಎಪ್ಪತ್ತರ ಹಿರಿಯರು, ಹಣೆಯ ತುಂಬ ವಿಭೂತಿ. ನಾನು ಯಾರೆಂದು ಹೇಳಿ, ಪತ್ರ ಬಾರದೆ ಕಾರ್ಯಕ್ರಮ ನಿಲ್ಲುವ ಹಾಗಿದೆ, ಕಾರ್ಡು ಯಾಕೆ ನಿಲ್ಲಿಸಿದಿರಿ ಎಂದೆ.

“ಜನವರಿದಾಗ ಮಗ ತೀರಿಕೊಂಡ್ರಿ. ಕಾಮಣಿ ರೋಗ ಆಗಿತ್ತು. ಇಪ್ಪತ್ನಾಕು ವರ್ಷದಾಂವ. ನೀವು ರೇಡಿಯೋದಾಗ ಹೆಸರ ಹಿಡದು ಓದ್ತೀರಿ. ಸಂಗಪ್ಪ ನಕ್ಕಾನಂತ ಅಂದ್ರ ಮಂದಿ ಏನಂದಾರು?”

“ಓಣಿಯ ಬೇರೆಯವರು ಬರೆಯಬಹುದಿತ್ತಲ್ಲ?”

ಅವರ ಪಕ್ಕದಲ್ಲಿ ಕೂತಿದ್ದ ನೇಕಾರ ನನ್ನ ಮಾತಿಗೆ ಬೆಚ್ಚಿದವನಂತೆ ಹೇಳಿದ: “ಹಿರ್ಯಾರ ಹೆಸರಿಲ್ಲದ ನಾವು ಹೆಂಗ ಬರಿಯೂದ್ರಿ? ಮದುವಿ ಇರ್ಲಿ, ಅರ್ಜಿ ಇರ್ಲಿ, ಓಣಿದು ಅಂದ್ರ ಅವರ ಹೆಸರ ಮ್ಯಾಲನ ಹೋಗಬೇಕು. ಅವರ ಮನ್ಯಾಗ ಸಾವಾಗೇತಿ. ನಾವು ನಕ್ಕೇವಿ ಅಂತ ಕಾರ್ಡ್ ಹಾಕೂದನ?”

ಮೂವತ್ತೆಂಟು ಮನೆಗಳ ಓಣಿ ಅದು. ನನ್ನ ರಿಜಿಸ್ಟರಿನಲ್ಲಿ ಒಂದು ಪತ್ರವಾಗಿತ್ತು, ಆಮೇಲೆ ಸೊನ್ನೆಯಾಗಿತ್ತು. ‘ಓಣಿಯ ಸಮಸ್ತರು’ ಎಂಬ ಮಾತನ್ನು ಎರಡು ವರ್ಷ ಓದಿಯೂ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅಂದು ನನಗಾದ ನಾಚಿಕೆ ಇಂದಿಗೂ ಆರಿಲ್ಲ.

ಸೋಮವಾರ ನಿರ್ದೇಶಕರ ಮುಂದೆ ನಿಂತು ನನ್ನ ತಪ್ಪನ್ನು ಬರಹದಲ್ಲೇ ಒಪ್ಪಿಕೊಂಡು ಎರಡನೆಯ ಟಿಪ್ಪಣಿ ಕೊಟ್ಟೆ. ಅವರು ಪೂರ್ತಿ ಓದಿದರು. ಬೈಯಲಿಲ್ಲ. “ಚಾರ್ಟು ಮಂಜೂರಾಗಿ ಬಂದುಬಿಟ್ಟಿದೆ. ಒಂದು ಓಣಿಗಾಗಿ ಅದನ್ನು ಬದಲಿಸಿ ಅಂತ ಹೇಗೆ ಬರೆಯಲಿ? ಅದೂ ನಿಮ್ಮದೇ ಮೊದಲ ಟಿಪ್ಪಣಿ ಫೈಲಿನಲ್ಲಿರುವಾಗ?” ಎಂದರು. ಉಳಿದದ್ದು ಒಂದೇ ಕಂತು.

ವಿಷಯ ತಿಳಿಸಲು ಕಮತಗಿಗೆ ನಾನೇ ಹೋದೆ. ಇಳಕಲ್ಲಿನ ಓಣಿಯಲ್ಲಿ ಕಂಡದ್ದನ್ನೂ, ನನ್ನ ಟಿಪ್ಪಣಿಯಿಂದಲೇ ಹೀಗಾಯಿತು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಕಾಳಪ್ಪ ಕೇಳಿಸಿಕೊಂಡು, “ಆತ್ರಿ. ಕಡೀದು ಆ ಓಣ್ಯಾಗ ಮಾಡೂಣು,” ಎಂದರು. ಅವರು ರೇಗಿದ್ದರೆ ನನಗೆ ಹಗುರಾಗುತ್ತಿತ್ತು.

ಕೊನೆಯ ಅತಿಥಿ ಸಂಗಪ್ಪ. ಕಾಳಪ್ಪ ಸಾವಿನ ಮಾತೆತ್ತಲಿಲ್ಲ. ಮೊದಲ ಸಲ ಮಗ್ಗಕ್ಕೆ ಕೂತಾಗ ತಂದೆಯ ಕೈಯಲ್ಲಿ ತಿಂದ ಪೆಟ್ಟು, ಹೆಣ್ಣು ನೋಡಲು ಹೋಗಿ ಹುಡುಗಿಯ ಮುಖ ಬಿಟ್ಟು ಅವಳ ಸೀರೆಯ ಅಂಚನ್ನೇ ನೋಡುತ್ತ ಕೂತದ್ದು, ಇಂಥದನ್ನೆಲ್ಲ ಹೊರಗೆಳೆದರು. “ಮಾರಿ ಯಾವಾಗ ನೋಡಿದ್ರಿ ಮತ್ತ?” ಎಂದು ಕೇಳಿದಾಗ ಬಾಗಿಲ ಹಿಂದಿನಿಂದ ಸಂಗಪ್ಪನವರ ಹೆಂಡತಿ ನೀಲವ್ವ, “ಇನ್ನೂ ನೋಡಿಲ್ರಿ ಇವ್ರು!” ಎಂದುಬಿಟ್ಟರು. ಓಣಿಗೆ ಓಣಿಯೇ ಗಟ್ಟಿಯಾಗಿ ನಕ್ಕಿತು. ನೀಲವ್ವ ನಗುತ್ತ ನಗುತ್ತ ಅಲ್ಲಿಯೇ ಕುಸಿದು ಕೂತು ಅಳತೊಡಗಿದರು. ಎಂಜಿನಿಯರ್ ನನ್ನ ಮುಖ ನೋಡಿದ. ಟೇಪು ನಿಲ್ಲಿಸಬೇಡ ಎಂದು ಕೈ ಮಾಡಿದೆ.

ಹೊರಡುವಾಗ ಸಂಗಪ್ಪ ನನ್ನ ಹತ್ತಿರ ಬಂದು, “ನಮ್ಮ ಹೆಸರ ಹೇಳ್ರಿ. ನಕ್ಕೇವಿ ಅಂತನ ಹೇಳ್ರಿ. ಇನ್ನ ಮನಿಗೊಂದು ಕಾರ್ಡ್ ಹಾಕಸ್ತೇನಿ, ನಿಲ್ಲಸಬ್ಯಾಡ್ರಿ,” ಎಂದರು. ತಮ್ಮ ದುಃಖದ ಮರ್ಯಾದೆಯನ್ನು ಬದಿಗಿಟ್ಟು ಆ ಹಿರಿಯರು ಹಾಗೆ ಹೇಳಿದಾಗ, ಎಲ್ಲ ಮುಗಿದಿದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ತಲೆಯಾಡಿಸಿ ಜೀಪು ಹತ್ತಿದೆ.

ಆ ಕೊನೆಯ ಕಂತು ಪ್ರಸಾರವಾದ ಮುಂದಿನ ವಾರ ಮೂವತ್ತೆಂಟು ಕಾರ್ಡು ಬಂದವು. ಆ ವಾರದ ಶನಿವಾರ ಹತ್ತಕ್ಕೆ ಕೊಳಲುವಾದನ ಪ್ರಸಾರವಾಯಿತು.

ಕಾರ್ಡುಗಳನ್ನು ಕಾಳಪ್ಪನವರಿಗೆ ಒಯ್ದುಕೊಟ್ಟೆ. ಕನ್ನಡಕವಿಲ್ಲ, ನೀವೇ ಓದ್ರಿ ಎಂದರು. ಮೂವತ್ತೆಂಟನ್ನೂ ಓದಿದೆ. ಹೆಚ್ಚಿನವುಗಳಲ್ಲಿ ಇದ್ದದ್ದು ಒಂದೇ ಸಾಲು, ‘ಕೇಳಿ ನಕ್ಕೇವಿ.’ ಓದಿ ಮುಗಿಸಿದ ಮೇಲೆ ಅವರು ಕಾರ್ಡುಗಳನ್ನು ಜೋಡಿಸಿಕೊಳ್ಳುತ್ತ ಮೆತ್ತಗೆ ಹೇಳಿದರು:

“ಅಕ್ಕಾರ, ನಾಟಕದಾಗ ಚಪ್ಪಾಳಿ ಕೇಳಲಿಲ್ಲಂದ್ರ ಮಂದಿ ಇಲ್ಲ ಅಂತ ನಾವು ಆಟ ನಿಲ್ಲಸ್ತಿರಲಿಲ್ಲ. ಪರದೆ ಸರಿಸಿ ಹಣಿಕಿ ನೋಡ್ತಿದ್ವಿ. ನೀವು ಒಮ್ಮೆ ಹಣಿಕಿ ನೋಡಬೇಕಾಗಿತ್ತು.”

ಆಮೇಲೆ ಹತ್ತೊಂಬತ್ತು ವರ್ಷ ನೌಕರಿ ಮಾಡಿದೆ. ಕೇಳುವವರ ಊರಿಗೆ ಹೋಗಿ ಒಂದು ರಾತ್ರಿ ಉಳಿಯದೆ ಯಾವ ಕಾರ್ಯಕ್ರಮದ ಬಗ್ಗೆಯೂ ಟಿಪ್ಪಣಿ ಬರೆಯಲಿಲ್ಲ. ಸುಮ್ಮನಿರುವವರು ಇಲ್ಲದವರಲ್ಲ. ಇದನ್ನು ನನಗೆ ಕಲಿಸಿದ ಕಾಳಪ್ಪನವರನ್ನು ನಿಲಯಕ್ಕೆ ಮತ್ತೆ ಮೂರು ಸಲ ಕರೆದೆ. ಮೂರು ಸಲವೂ ನಮಸ್ಕಾರ ಹೇಳಿ ಕಳಿಸಿದರು, ಬರಲಿಲ್ಲ.